ಅರವತ್ತು ಮಕ್ಕಳ ಮೂಗು

ಒಂದು ಅನುಮಾನವನ್ನು ನಾನು ಯಾರಿಗೂ ಹೇಳಿರಲಿಲ್ಲ. ಒಂದೇ ಶಾಲೆಯ ಅರವತ್ತು ಮಕ್ಕಳು ತಂತಮ್ಮ ಮುಖ ಬರೆದರೆ ಅರವತ್ತು ಮೂಗೂ ಒಂದೇ ಥರ ಇರುವುದು ಹೇಗೆ? ಅಂಚೆಯಲ್ಲಿ ತರಿಸಿಕೊಂಡ ಆ ಚಿತ್ರಗಳನ್ನು ನೋಡಿ ‘ಊರಿನ ಪರಂಪರೆ’ ಎಂದು ಬರೆದು ಪ್ರಬಂಧ ಮುಗಿಸಿದ್ದೆ. ಇವತ್ತು ಅದನ್ನು ಯೂನಿವರ್ಸಿಟಿಗೆ ಒಪ್ಪಿಸಲು ಹೊರಟು ಕೊಚಬಾಂಬಾ ನಗರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಇಬ್ಬರು ಟೀಚರುಗಳು ಮಾಂಸದ ರಸ ತುಂಬಿದ ಸಾಲ್ತೆನ್ಯಾ ಕಡುಬನ್ನು ರಸ ಸೋರದ ಹಾಗೆ ತಿನ್ನುತ್ತಿದ್ದರು.

“ಡೆಲ್ಫಿನಕ್ಕಾ, ಅರವತ್ತಕ್ಕೂ ನೀವೇ ಮೂಗು ಬರೆದ್ರಾ?”

“ಮತ್ತೆ? ಮಕ್ಕಳು ಬರೀ ಎರಡು ಚುಕ್ಕೆ ಇಟ್ಟಿದ್ರು. ಯೂನಿವರ್ಸಿಟಿಗೆ ಹೋಗೋ ಚಿತ್ರ ಕಣೇ, ಶಾಲೆ ಮಾನ ಏನಾಗ್ಬೇಕು?”

“ಚಿತ್ರ ತರಿಸ್ಕೊಂಡ ಆ ಹುಡುಗಿಗೆ ಗೊತ್ತಾಗ್ಲಿಲ್ವಾ?”

“ಎಲ್ಲಿ! ಸ್ಕೇಲಿಟ್ಟು ಅಳೆದ್ಲಂತೆ. ಮೂಗಿನ ಮೇಲೇ ಹದಿನೈದು ಪುಟ ಬರೆದಿದ್ದೀನಿ ಅಂತ ಹೆಡ್‌ಮಾಸ್ಟರಿಗೆ ಕಾಗದ ಹಾಕಿದ್ದಾಳೆ.”

“ಅಯ್ಯೋ ಪಾಪ, ಅವಳಿಗೆ ಹೇಳ್ಬಾರ್ದಾ?”

“ಅವಳ ಮುಖ ಕಂಡೋರ್ಯಾರು ಮಾರಾಯ್ತಿ? ಎಲ್ಲಾ ಕಾಗದದಲ್ಲೇ. ಒಂದು ದಿನಾನೂ ಬಂದು ಮಾತಾಡಿದ್ದಿಲ್ಲ.”

ಅವರ ಬಸ್ಸು ಬಂತು. ಇಬ್ಬರೂ ಕೈ ಒರೆಸಿಕೊಂಡು ಹತ್ತಿ ಕೂತರು. ನಾನು ಅವರ ಕಿಟಕಿಯ ಹತ್ತಿರ ಹೋದೆ.

“ಟೀಚರ್,” ಅಂದೆ, “ಆ ಹುಡುಗಿ ನಾನೇ. ನಂಗೆ ಬೇಕಾಗಿದ್ದಿದ್ದು ಆ ಚುಕ್ಕೆಗಳೇ.”