ಆ ಕಡೆಗೆ ಸರಿಸಿದ ಮೆಮೊರಿ

ಬೇಡ ಅತ್ತಿಗೆ, ಟೀ ಬೇಡ... ಕುಡಿದೇ ಬಂದೆ. ನೀವು ಬಟ್ಟೆ ಮಡಿಸ್ತಾ ಇರಿ, ನಾನು ಹೇಳ್ತಾ ಹೋಗ್ತೀನಿ. ಆ ಹೊದಿಕೆಯ ತುದಿ ಇತ್ತ ಕೊಡಿ, ಹಿಡ್ಕೋತೀನಿ. ಹಾಂ. ಏನು ಹೇಳ್ತಿದ್ದೆ? ಸಹಿ. ಒಂದೇ ಒಂದು ಸಹಿ, ಅಷ್ಟೇ! 'ಗಮನ ತಪ್ಪಿ ಹಿಂದಿನ ಕರೆಯ ವಿಳಾಸಕ್ಕೆ ಆಂಬುಲೆನ್ಸ್ ಕಳಿಸಿದೆ' ಅಂತ ಒಂದು ಸಾಲು, ಕೆಳಗೆ ನಿಮ್ಮ ಹೆಸರು. ಸಾಹೇಬ್ರು ನನ್ನ ಕೈಲೇ ಯಾಕೆ ಕಳಿಸಿದ್ರು ಹೇಳಿ? ಮೈದುನ ಹೇಳಿದ್ರೆ ಕೇಳ್ತೀರಿ ಅಂತ. ಕೆಲಸ ಏನೂ ಹೋಗಲ್ಲ... ಈಗ ಕೂರಿಸಿದ್ದಾರಲ್ಲ, ಆ ಫೈಲ್ ರೂಮಿನಲ್ಲೇ ಇರ್ತೀರಿ. ಕರೆಗಳ ಗಲಾಟೆ ಇಲ್ಲ, ನೆಮ್ಮದಿ...

ಯಾಕೆ ಹಾಗೆ ನೋಡ್ತೀರಿ? ಗೊತ್ತು, ಗೊತ್ತು. ಇಪ್ಪತ್ತೆರಡು ವರ್ಷ ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಹೆಡ್‌ಫೋನ್ ಹಾಕ್ಕೊಂಡು ಕೂತವರು ನೀವು. ಒಂದು ಮನೆ ನಂಬರೂ ತಪ್ಪಿದವರಲ್ಲ. ನಾನೇ ಎಲ್ಲರ ಮುಂದೆ ಹೇಳಿದೆ... ಹೇಳಬೇಕು ಅಂತಿದ್ದೆ.

ನಿಮ್ಮ ತಪ್ಪಲ್ಲ ಅತ್ತಿಗೆ. ಅದನ್ನ ಹೇಳೋಕೂ ಬಂದೆ. ಮಷಿನ್ ಮಾಡಿದ್ದು! ನಾನು ನೋಡ್ಕೊಳ್ಳೋ ಆ ದೊಡ್ಡ ಸರ್ವರ್ ಇದೆಯಲ್ಲ, ಅದರೊಳಗೆ ಪ್ರೊಸೆಸರ್ ಎರಡು. ಒಂದೊಂದರ ಪಕ್ಕಕ್ಕೂ ಅದರದೇ ಮೆಮೊರಿ. ಆ ಜೋಡಿಗೆ ನೋಡ್ ಅಂತೀವಿ. ಒಂದನೇ ನೋಡ್, ಎರಡನೇ ನೋಡ್. 'ನೋಡು' ಅಲ್ಲ, ನೋಡ್! ನಗ್ತೀರಾ? ನಗಿ ನಗಿ, ನೀವು ನಕ್ಕು ಎಷ್ಟು ದಿನ ಆಯ್ತು... ಆ ಒಂದು ಪೆಟ್ಟಿಗೆಯಲ್ಲಿ ಎಂಟು ವರ್ಚುವಲ್ ಮಷಿನ್ ಓಡ್ತವೆ. ಒಂದೇ ಮನೆಯಲ್ಲಿ ಎಂಟು ಸಂಸಾರ ಬಾಡಿಗೆಗಿದ್ದ ಹಾಗೆ ಅಂತ ಇಟ್ಕೊಳ್ಳಿ. ನಿಮ್ಮ ಕರೆಗಳದ್ದು ಒಂದು, ಸಂಬಳದ್ದು ಒಂದು, ಹೀಗೆ. ಯಾವುದು ಯಾವ ಪ್ರೊಸೆಸರಿನಲ್ಲಿ ಓಡತ್ತೋ ಅದರ ಮೆಮೊರಿಯೂ ಅದೇ ಪಕ್ಕದಲ್ಲಿರಬೇಕು. ಒಲೆ ಈ ಮನೇಲಿ, ಡಬ್ಬಿಗಳೆಲ್ಲ ಪಕ್ಕದ ಮನೇಲಿ ಅಂದ್ರೆ ಅಡುಗೆ ಯಾವಾಗ ಆಗ್ಬೇಕು?

ಅವತ್ತು ಮಧ್ಯಾಹ್ನ ನಿಮ್ಮ ಮಷಿನ್ನಿನ ಮೆಮೊರಿ ಎರಡನೇ ನೋಡಿಗೆ ಹೋಯ್ತು. ತಾನಾಗೇ. ಅದು... ಹಾಗೆಲ್ಲ ಮಾಡತ್ತೆ, ಜಾಗ ಹೊಂದಿಸ್ಕೊಳ್ಳೋಕೆ. ಆ ಕಡೆ ಆಗಲೇ ತುಂಬಿ ತುಳುಕ್ತಿತ್ತು. ಹಿಡಿಸದ್ದೆಲ್ಲ ಡಿಸ್ಕಿಗೆ ಹೋಯ್ತು. ಡಿಸ್ಕು ಮೆಮೊರಿಯ ಮುಂದೆ ತೆವಳತ್ತೆ, ಅಷ್ಟು ನಿಧಾನ. ನಿಮ್ಮ ಪರದೆ ನಿಂತೇಹೋಯ್ತು. ನೀವು ಆ ಟೈಲರ್ ಮನೆ ವಿಳಾಸ ಹೊಡೆದ್ರಿ, 'ಕಳಿಸು' ಅಂತ ಒತ್ತಿದ್ರಿ, ಎಲ್ಲ ಸರಿಯಾಗೇ ಮಾಡಿದ್ರಿ! ಒಳಗೆ ಮಾತ್ರ ಇನ್ನೂ ಹಿಂದಿನ ಕರೆಯದೇ ಇತ್ತು. ಗಾಡಿ ಹಳೇ ವಿಳಾಸಕ್ಕೆ ಹೋಯ್ತು. ಹನ್ನೊಂದು ನಿಮಿಷ ತಡ.

ಆದ್ರೆ ಟೈಲರ್ ಬದುಕಿದ್ದಾರಲ್ಲ! ಅಂಥ ಪಾರ್ಶ್ವವಾಯು ಬಡಿದೂ ಬದುಕಿದ್ದಾರೆ. ಬಲಗೈ... ಹೂಂ. ಬಲಗೈಗೆ ಸ್ವಾಧೀನ ಬರಲಿಲ್ಲ. ಏನು, ಗೊತ್ತು ಅಂತ ತಲೆ ಆಡಿಸ್ತೀರಿ... ಹೋಗಿ ನೋಡಿ ಬಂದ್ರಾ? ಒಬ್ಬರೇ? ನನಗೆ ಹೇಳಲೇ ಇಲ್ಲ... ಕತ್ತರಿ ಹಿಡಿಯೋ ಕೈ ಅತ್ತಿಗೆ ಅದು.

ಯಾರೂ ಬೇಕಂತ ಮಾಡಿದ್ದಲ್ಲ. ಆ ಕಡೆ ಅಷ್ಟು ತುಂಬಿದೆ ಅಂತ ನಾನು ನೋಡ್ಕೊಂಡಿದ್ರೆ... ಅದು. ಅದು ನೋಡ್ಕೊಂಡಿದ್ರೆ ಅಂದೆ. ನಾನು ಅಂದ್ನಾ? ಬಾಯಿ ತಪ್ಪಿತು.

ಯಾಕೆ ಮಡಿಸೋದು ನಿಲ್ಲಿಸಿದ್ರಿ? ಏನಾದ್ರೂ ಕೇಳಿ. ತಾನಾಗೇ ಆ ಕಡೆ ಹೋಗಿದ್ದು ವಾಪಸ್ ಹೇಗೆ ಬಂತು ಅಂತ ಕೇಳಿ! ಕೇಳಲ್ವಾ?...

ಸರಿ. ನಾನೇ.

ನಾನೇ ಅತ್ತಿಗೆ, ಕೈಯಾರೆ. ಅವತ್ತು ಮೇಲಿನವರು ಬಂದಿದ್ರಲ್ಲ, ಸಾಹೇಬ್ರು ಗೋಡೆಯಷ್ಟು ದೊಡ್ಡ ಪರದೆ ಮೇಲೆ ಹೊಸ ನಕ್ಷೆ ತೋರಿಸ್ತಿದ್ರು. ನಕ್ಷೆ ತಡವರಿಸ್ತಿತ್ತು. ಸಾಹೇಬ್ರು ಕಣ್ಣಲ್ಲೇ ಗದರಿದ್ರು. ಅದೂ ನಿಮ್ಮದರ ಜೊತೆ ಒಂದನೇ ನೋಡಿನಲ್ಲೇ ಓಡ್ತಿತ್ತು, ಅಲ್ಲಿ ಜಾಗ ಬೇಕಿತ್ತು, ಏನನ್ನಾದ್ರೂ ಆಚೆ ತಳ್ಳಬೇಕು. ಸಂಬಳದ್ದನ್ನ ತಳ್ಳಬಹುದಿತ್ತು, ಬೇರೆ ಸಣ್ಣಪುಟ್ಟವೂ ಇದ್ದವು. ಆದ್ರೆ ನಿಮ್ಮದು ದೊಡ್ಡದು, ಒಂದೇ ಏಟಿಗೆ ಜಾಗ ಸಿಗತ್ತೆ... ಹತ್ತೇ ನಿಮಿಷ ಅಂದ್ಕೊಂಡೆ. ಆ ಕಡೆ ಎಷ್ಟು ಖಾಲಿ ಇದೆ ಅಂತ ನೋಡೋಕೆ ಒಂದೇ ಕಮಾಂಡು ಅತ್ತಿಗೆ! ಒಂದೇ ಸಾಲು! ಹೊಡೀಲಿಲ್ಲ. ನಕ್ಷೆ ಸರಾಗವಾಗಿ ಓಡಿತು. ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಾನೂ ತಟ್ಟಿದೆ.

ನಿಮ್ಮ ಕೂಗು ಕೇಳಿದ ಮೇಲೆ ಓಡಿದೆ, ವಾಪಸ್ ತಂದೆ. ಆಮೇಲೆ... ಯಾರು ಏನು ಮಾಡಿದ್ರು ಅಂತ ಮಷಿನ್ ಬರೆದಿಡೋ ಲಾಗ್‌ನಲ್ಲಿ ನನ್ನ ಹೆಸರಿದ್ದ ಎರಡು ಸಾಲು ಅಳಿಸಿದೆ. ವಿಚಾರಣೆಗೆ ಮುಂಚೆ. 'ವಯಸ್ಸಾಯ್ತು, ಕೈ ನಿಧಾನ' ಅಂತ ಅವರು ನಿಮ್ಮ ತಲೆ ಮೇಲೆ ಗೂಬೆ ಕೂರಿಸ್ತಿದ್ರೆ ನಾನು ಮೂಲೆ ಕುರ್ಚಿಯಲ್ಲಿ ನೆಲ ನೋಡ್ತಾ ಕೂತಿದ್ದೆ. ಪರೀಕ್ಷೆಗೆ ಓದುವಾಗ ಎರಡು ವರ್ಷ ಇದೇ ಹಾಲಿನಲ್ಲಿ ಮಲಗಿದವನು ನಾನು. ಈ ಕೆಲಸಕ್ಕೆ ಅರ್ಜಿ ತಂದುಕೊಟ್ಟಿದ್ದೂ ನೀವೇ...

ಬೈಯಿರಿ. ಎರಡು ಬಿಗಿಯಿರಿ ಬೇಕಾದ್ರೆ. ಗಾಬರಿಯಾದ್ರೂ ಬೀಳಿ! ಹೀಗೆ ಸುಮ್ಮನೆ ನೋಡ್ತಾ ಕೂತ್ರೆ... ಯಾಕೆ ನಿಮಗೆ ಆಶ್ಚರ್ಯವೇ ಆಗ್ತಿಲ್ಲ? ಅತ್ತಿಗೆ?... ಗೊತ್ತಿತ್ತಾ ನಿಮಗೆ?

ಗಾಜಿನ ಗೋಡೆ... ಅಯ್ಯೋ. ನಿಮ್ಮ ಕುರ್ಚಿಯಿಂದ ಸರ್ವರ್ ರೂಮು ನೆಟ್ಟಗೆ ಕಾಣತ್ತೆ. ನಾನು ಓಡಿಬಂದು ಕೀಲಿಮಣೆ ಮೇಲೆ ಬಿದ್ದಿದ್ದು, ಅದರ ಬೆನ್ನಿಗೇ ನಿಮ್ಮ ಪರದೆಗೆ ಜೀವ ಬಂದಿದ್ದು... ಅವತ್ತೇ ನೋಡಿದ್ರಿ. ಅವತ್ತೇ!

'ಮಷಿನ್ನಿಗೆ ಯಾರಾದ್ರೂ ಕೈ ಹಾಕಿದ್ರಾ' ಅಂತ ವಿಚಾರಣೆಯವರು ಮೂರು ಸಲ ಕೇಳಿದ್ರು. ನೀವು ತುಟಿ ಬಿಚ್ಚಲಿಲ್ಲ. ನಾನು... ಹೆದರಿದ್ದಾರೆ ಅಂದ್ಕೊಂಡೆ. ಬಚಾವಾದೆ ಅಂದ್ಕೊಂಡೆ!

ನನಗೋಸ್ಕರ ಸುಮ್ಮನಿದ್ರಾ? ಇಷ್ಟು ದಿನ?

ಬೇಡ ಅತ್ತಿಗೆ. ತಲೆ ಅಲ್ಲಾಡಿಸಬೇಡಿ. ಅಣ್ಣ ಬರೋವರೆಗೂ ಕಾಯಲ್ಲ, ನಾಳೆಗೂ ಇಡಲ್ಲ. ಈಗಲೇ ಸಾಹೇಬ್ರಿಗೆ ಫೋನ್ ಮಾಡ್ತೀನಿ. ಆಮೇಲೆ ಆ ಟೈಲರ್ ಮನೆಗೆ ಹೋಗ್ತೀನಿ, ಯಾವ ಮುಖ ಇಟ್ಕೊಂಡು ಅಂತ ಗೊತ್ತಿಲ್ಲ, ಹೋಗ್ತೀನಿ... ರಿಂಗ್ ಆಗ್ತಿದೆ. ಕೈ ಬಿಡಿ ಅತ್ತಿಗೆ... ದಮ್ಮಯ್ಯ, ಕೈ ಬಿಡಿ.