ಪಾಕೀಟಿನ ಬನ್ನಿ

ನಾಳೆ ಬನ್ನಿ ಹಬ್ಬ. ರಾಯಚೂರಿನ ಹೊರಗೆ ಹೊಸದಾಗಿ ಎದ್ದ ಮಾಲಿನಲ್ಲಿ, ಬಿಲ್ ಮಾಡಿಸುವ ಸಾಲಿನಲ್ಲಿ ಶಿವಗಂಗಾ ಬಾಯಿತನಕ ತುಂಬಿದ ತಳ್ಳುಗಾಡಿ ಹಿಡಿದು ನಿಂತಿದ್ದಳು. ಅವಳ ಮುಂದೆ ಅತ್ತೆ-ಸೊಸೆ ಇಬ್ಬರು. ಸೊಸೆಯ ಕೈಯಲ್ಲಿ ಬನ್ನಿ ಎಲೆ ತುಂಬಿದ ಪ್ಲಾಸ್ಟಿಕ್ ಪಾಕೀಟು.

“ಸೆರಗಿನಾಗ ಮುಚ್ಕೋ ದುರ್ಗಾ, ಯಾರರೆ ನೋಡ್ಯಾರು.”

“ನೋಡಿದ್ರೇನಾತು ಅತ್ತಿ? ಎಲ್ಲಾರೂ ತೊಗೊಳ್ಳಾಕತ್ತಾರ.”

“ಎಲ್ಲಾರ ಹೊಲದಾಗ ಬನ್ನಿ ಗಿಡ ಇತ್ತೇನು? ಊರ ಮಂದಿಯೆಲ್ಲಾ ನಮ್ಮ ಗಿಡಕ್ಕೇ ಪೂಜಿಗೆ ಬರ್ತಿತ್ತು.”

“ಹೊಲ ಮಾರಿದ್ವಿ ಖರೆ. ಗಿಡ ಒಂದು ಬಿಡ್ರಿ ಅಂತ ಮಾವ ಹೇಳ್ಬೇಕಿತ್ತು.”

“ನಿಮ್ಮ ಮಾವ ಹೇಳಿದ್ರು. ಗಾಡಿ ನಿಲ್ಸಾಕ ಅಡ್ಡ ಆಗ್ತದ ಅಂದ್ರು ಈ ಮಾಲಿನವ್ರು. ಕಡೀರಿ ಅಂದಾಕಿ ನಾನೇ.”

ಸೊಸೆ ಪಾಕೀಟನ್ನು ತಿರುಗಿಸಿ ನೋಡಿದಳು.

“ನಾಳಿ ಇದನ್ನ ಕೊಟ್ಟು, ಬಂಗಾರದಂಗ ಇರೋಣು ಅಂತ ಮಂದಿಗೆ ಹ್ಯಾಂಗ ಅನ್ನಾದು ಅತ್ತಿ? ಎಲ್ಲೀದು ಈ ಬನ್ನಿ ಅಂತ ಕೇಳಿದ್ರ?”

“ನಮ್ಮ ಹೊಲದಾಗಿಂದ ತಂದೀವಿ ಅನ್ನು. ಸುಳ್ಳೇನಲ್ಲಲ್ಲ.”

ಹಣ ಕೊಟ್ಟು, ಪಾಕೀಟನ್ನು ಸೆರಗಿನಡಿ ಮುಚ್ಚಿಕೊಂಡು ಇಬ್ಬರೂ ತಲೆ ಎತ್ತದೆ ಹೊರಟುಹೋದರು. ಶಿವಗಂಗಾಳ ಸರದಿ ಬಂತು. ತನ್ನ ತಳ್ಳುಗಾಡಿಯಲ್ಲಿದ್ದ ಬನ್ನಿ ಪಾಕೀಟಿನ ಮೇಲೆ ಅವಳು ಸದ್ದಿಲ್ಲದೆ ಬಿಸ್ಕತ್ತಿನ ಡಬ್ಬಿ ಎಳೆದಳು.