ಮಹಾಲಿಂಗನನ್ನು ಕೊಂದದ್ದು ಅವನ ಯಂತ್ರವಲ್ಲ

ವೇದಿಕೆಯ ಮೇಲಿರುವ ಹಿರಿಯರೆ, ಎದುರಿಗೆ ಕುಳಿತಿರುವ ಮಹಾಲಿಂಗನ ತಾಯಿ ಮೂಗಮ್ಮನವರೆ, ಮೀನಾ ಅವರೆ, ಬೇಗೂರಿನಿಂದ, ಗುಂಡ್ಲುಪೇಟೆಯಿಂದ, ಸಂತೆಮರಹಳ್ಳಿಯಿಂದ ಕೆಲಸ ಬಿಟ್ಟು ಬಂದಿರುವ ಬಂಧುಗಳೆ, ನಮ್ಮ ಕಾಲೇಜಿನ ಮಕ್ಕಳೆ — ಎಲ್ಲರಿಗೂ ನಮಸ್ಕಾರ.

ನಾನು ಗುರುಪಾದಸ್ವಾಮಿ. ಮಹಾಲಿಂಗ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದ ಕಾಲೇಜಿನಲ್ಲೇ ಮೆಕ್ಯಾನಿಕಲ್ ಪಾಠ ಹೇಳುವವನು. ಅವನ ಸದ್ಗುಣಗಳ ಬಗ್ಗೆ ನಾಲ್ಕು ಮಾತಾಡಿ ಕೂತುಕೊಳ್ಳಿ ಎಂದು ನನಗೆ ಹೇಳಿದ್ದಾರೆ. ಇಲ್ಲಿ ಅಷ್ಟೇ ಸಾಕು, ಉಳಿದದ್ದು ಆಮೇಲೆ ಎಂದುಕೊಂಡು ನಾನೂ ಬಂದಿದ್ದೆ. ಆದರೆ ನನಗಿಂತ ಮುಂಚೆ ಕ್ವಾರಿಯ ಮಾಲೀಕರು ಮಾತಾಡಿದರು. ಏನಂದರು? — "ಮಹಾಲಿಂಗ ಅವರು ಮಹಾ ಮೇಧಾವಿ. ಏನು ಮಾಡೋದು, ತಾವೇ ಮಾಡಿದ ಯಂತ್ರಕ್ಕೆ ತಾವೇ ಬಲಿಯಾದರು."

ಕೇಳಿದಿರಲ್ಲ? ನಿಮ್ಮಲ್ಲಿ ಕೆಲವರು "ಅಯ್ಯೋ ಪಾಪ" ಎಂದು ತಲೆ ಆಡಿಸಿದ್ದನ್ನೂ ನಾನು ನೋಡಿದೆ. ಪೇಪರಿನಲ್ಲೂ ಅದೇ ಬಂದಿದೆ. ಬಸ್‌ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುವವರೂ ಅದನ್ನೇ ಹೇಳುತ್ತಿದ್ದಾರೆ. ಇನ್ನು ನಾನು ಸದ್ಗುಣಗಳ ಬಗ್ಗೆ ಮಾತಾಡಲಾರೆ. ಕ್ಷಮಿಸಿ. ನಡೆದದ್ದನ್ನು ಹೇಳುತ್ತೇನೆ.

ಇದು ಶುರುವಾದದ್ದು ಮಾದೇಶನ ಕಾಲಿನಿಂದ. ಮಾದೇಶ ಇಲ್ಲೇ ಇದ್ದಾನೆ, ಬಲಗಡೆ, ಊರುಗೋಲು ಕುರ್ಚಿಗೆ ಒರಗಿಸಿಕೊಂಡು ಕೂತಿದ್ದಾನೆ. ಬೇಗೂರಿನಲ್ಲಿ ಮಹಾಲಿಂಗನ ಮನೆಯ ಬೀದಿಯವನು. ಕರಿಕಲ್ಲು ಕ್ವಾರಿಯಲ್ಲಿ ಕ್ರೇನಿಗೆ ಕೈಸನ್ನೆ ತೋರಿಸುವ ಕೆಲಸ ಅವನದು. ಕ್ವಾರಿಯೊಳಗೆ ನಿಂತವರಿಗೆ ಗೊತ್ತು, ಅಲ್ಲಿ ಮಾತು ಕೇಳಿಸುವುದಿಲ್ಲ. ಕಂಪ್ರೆಸರಿನ ಸದ್ದು, ಕಲ್ಲಿಗೆ ತೂತು ಹೊಡೆಯುವ ಸದ್ದು. ಆದ್ದರಿಂದ ಕೆಳಗೆ ನಿಂತವನು ಕೈ ಎತ್ತಿದರೆ ಕಲ್ಲು ಮೇಲೆ ಹೋಗಬೇಕು, ಅಂಗೈ ಕೆಳಗೆ ಮಾಡಿದರೆ ಇಳಿಯಬೇಕು, ಮುಷ್ಟಿ ಹಿಡಿದರೆ ನಿಲ್ಲಬೇಕು. ಒಂದು ದಿನ ಮಾದೇಶ ಮುಷ್ಟಿ ಹಿಡಿದ. ಮೇಲಿನ ಕ್ರೇನಿನವನಿಗೆ ದೂಳಿನಲ್ಲಿ ಕಾಣಲಿಲ್ಲ. ಕಲ್ಲು ಇಳಿಯಿತು. ಕಾಲು ಹೋಯಿತು.

ಅವನನ್ನು ಆಸ್ಪತ್ರೆಯಲ್ಲಿ ನೋಡಿಕೊಂಡು ಮಹಾಲಿಂಗ ನೇರವಾಗಿ ಚಾಮರಾಜನಗರದ ನನ್ನ ಮನೆಗೆ ಬಂದ. ಕೂರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದ: "ಸ್ವಾಮಿ, ಕೈ ಕಾಣ್ಲಿಲ್ಲ ಅಂತ ಕಾಲು ಓಯ್ತು ಕಣಯ್ಯ. ಕೈ ಕಾಣಂಗ್ ಮಾಡ್ಬೇಕು. ಅಷ್ಟೇ ತಾನೆ? ಮಾಡನ."

ಅಷ್ಟೇ ತಾನೆ! ಹಾಗಿತ್ತು ಅವನ ಮಾತು.

ಕಂಪ್ಯೂಟರ್ ಅಂದರೆ ನಮಗೆ ಗೊತ್ತಿದ್ದದ್ದು ಏನು? ಚಪ್ಪಲಿ ಹೊರಗೆ ಬಿಟ್ಟು, ತಣ್ಣನೆಯ ಕೋಣೆಯೊಳಗೆ ಹೋಗಿ, ಬಟ್ಟೆ ಸರಿಸಿ ನೋಡುವ ವಸ್ತು. ಮಹಾಲಿಂಗ ಅದನ್ನು ಸೊಂಟಕ್ಕೆ ಕಟ್ಟಿಕೊಂಡ. ಹಳೆಯ ಕಂಪ್ಯೂಟರೊಂದರ ಬೋರ್ಡನ್ನು ಬಿಚ್ಚಿ ಖಾಕಿ ಚೀಲದಲ್ಲಿ ಇಟ್ಟ, ಜೊತೆಗೊಂದು ಸ್ಕೂಟರಿನ ಬ್ಯಾಟರಿ. ತಲೆಯ ಹೆಲ್ಮೆಟ್ಟಿನ ಅಂಚಿಗೆ ಬೆಂಕಿಪೊಟ್ಟಣದಷ್ಟು ಕ್ಯಾಮೆರಾ, ತನ್ನ ಕೈಯನ್ನೇ ನೋಡುವ ಹಾಗೆ. ಕೈಗೆ ಗವಸು. ಗವಸಿನ ಬೆರಳ ತುದಿಗಳಲ್ಲಿ ಪುಟ್ಟ ಪುಟ್ಟ ದೀಪ — ಟಿವಿ ರಿಮೋಟಿನ ಮೂತಿಯಲ್ಲಿ ಇರುತ್ತದಲ್ಲ, ಅದೇ. ಹತ್ತಿದರೂ ನಮ್ಮ ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಬೆರಳು ಹೇಗೆ ಮಡಚಿತು, ಕೈ ಎತ್ತ ಹೋಯಿತು ಎಂದು ಸೊಂಟದ ಕಂಪ್ಯೂಟರ್ ತಿಳಿದುಕೊಂಡು ರೇಡಿಯೊ ಮೂಲಕ ಕ್ರೇನಿಗೆ ಹೇಳುತ್ತದೆ. ದೂಳು ಇರಲಿ, ಕ್ರೇನಿನವನ ಮುಖ ಅತ್ತ ಇರಲಿ — ಕೈ ಹೇಳಿದ್ದು ಕ್ರೇನಿಗೆ ತಲುಪುತ್ತದೆ.

ಆ ಗವಸು ಹೊಲಿದದ್ದು ಅವನ ಹೆಂಡತಿ ಮೀನಾ ಅವರು. ಹೊಲಿದು, ಬಿಚ್ಚಿ, ಮತ್ತೆ ಹೊಲಿದು. "ಇನ್ನೊಂದ್ ಸಲ ಬಿಚ್ಚು ಅಂದ್ರೆ ನಿಮ್ ಬೆರಳ್ನೇ ಸೇರ್ಸಿ ಹೊಲ್ದ್‌ಬುಡ್ತೀನಿ" ಎಂದು ಬೈಯುತ್ತಿದ್ದರು. ನಗುತ್ತಿದ್ದರು. ನಾನು ಅವರ ಮನೆಯಲ್ಲಿ ಕೂತು ನೋಡಿದ್ದೇನೆ.

ಕ್ವಾರಿಗೆ ತಂದಾಗ ಬಿಸಿಲು ಎಲ್ಲವನ್ನೂ ಕೆಡಿಸಿತು. ಬಿಸಿಲಿನಲ್ಲೂ ಆ ಕಾಣದ ಬೆಳಕು ತುಂಬಿರುತ್ತದೆ. ಬೆರಳ ದೀಪ ಯಾವುದು, ಕಲ್ಲಿನ ಮೇಲಿನ ಬಿಸಿಲು ಯಾವುದು ಎಂದು ಕ್ಯಾಮೆರಾಕ್ಕೆ ತಿಳಿಯದು. ಫೋಟೊ ಸ್ಟುಡಿಯೊದಿಂದ ಕಪ್ಪು ಫಿಲಂ ತುಂಡು ತಂದು ಕ್ಯಾಮೆರಾದ ಕಣ್ಣಿಗೆ ಕಟ್ಟಿದ. ಸ್ವಲ್ಪ ಸರಿಹೋಯಿತು, ಪೂರ್ತಿ ಸರಿಹೋಗಲಿಲ್ಲ. ವಾರಗಟ್ಟಲೆ ಮುಖ ಗಂಟು ಹಾಕಿಕೊಂಡು ಓಡಾಡಿದ. ಆಮೇಲೆ ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತಾ ನಿಂತಿದ್ದಾಗ ಬೀದಿಯ ತುದಿಯಿಂದಲೇ ಕೂಗಿಕೊಂಡು ಬಂದ: "ಸೂರ್ಯ ಮಿಣುಕಾಕಿಲ್ಲ ಕಣಯ್ಯಾ! ನಮ್ ದೀಪ ಮಿಣುಕಂಗ್ ಮಾಡಿದ್ರಾಯ್ತು!" ದೀಪ ಹತ್ತಿದಾಗಿನ ಚಿತ್ರದಿಂದ ಆರಿದಾಗಿನ ಚಿತ್ರವನ್ನು ಕಳೆದುಬಿಟ್ಟರೆ ಬಿಸಿಲೆಲ್ಲ ಹೋಗಿ ಬೆರಳು ಮಾತ್ರ ಉಳಿಯುತ್ತದೆ. ಇಂಥ ತಲೆ ಅದು. ಆ ತಲೆಯ ಬಗ್ಗೆ ಈಗ ಹೇಳುತ್ತಿದ್ದಾರೆ — ಯಂತ್ರ ಕೈಕೊಟ್ಟಿತಂತೆ!

ಕೇಳಿ. ಆ ಯಂತ್ರ ಕೈಕೊಟ್ಟರೆ ಏನಾಗಬೇಕು ಎಂದು ಮೊದಲೇ ಯೋಚಿಸಿದವನು ಅವನು. ಮುಷ್ಟಿ ಹಿಡಿದರೆ ಕ್ರೇನು ನಿಲ್ಲಬೇಕು, ಸರಿ. ಬ್ಯಾಟರಿ ಸತ್ತರೆ? ನಿಲ್ಲಬೇಕು. ತಂತಿ ಕಿತ್ತರೆ? ನಿಲ್ಲಬೇಕು. ಕೈ ಕ್ಯಾಮೆರಾಕ್ಕೆ ಕಾಣದೆ ಹೋದರೆ? ಆಗಲೂ ನಿಲ್ಲಬೇಕು. ಕ್ರೇನಿನ ಮೇಲೆ ಅವನು ಕೂರಿಸಿದ್ದ ಪೆಟ್ಟಿಗೆಯೊಳಗೆ ಒಂದು ಸ್ವಿಚ್ಚು ಇತ್ತು. ಕೆಳಗಿನಿಂದ "ಸರಿ, ಸರಿ, ಸರಿ" ಎಂದು ರೇಡಿಯೊ ಹೇಳುತ್ತಿರುವವರೆಗೆ ಮಾತ್ರ ಅದು ಮುಚ್ಚಿಕೊಂಡಿರುತ್ತದೆ. ಮುಷ್ಟಿ ಹಿಡಿದೋ ಬ್ಯಾಟರಿ ಸತ್ತೋ ಹೇಳುವುದು ನಿಂತಿತೋ — ಟಕ್! — ಬ್ರೇಕು ಬೀಳುತ್ತದೆ. ಪೆಟ್ಟಿಗೆ ಮುಚ್ಚಿ ಅರಗಿನ ಮುದ್ರೆ ಹಾಕಿದ್ದ. ಯಾರೂ ಒಳಗೆ ಕೈ ಹಾಕಬಾರದು ಎಂದು.

ಮೊದಮೊದಲು ಎಲ್ಲರಿಗೂ ಖುಷಿ. ಮಾಲೀಕರು ಗವಸು ಹಾಕಿಕೊಂಡು ಫೋಟೊ ತೆಗೆಸಿಕೊಂಡರು. ಗುಂಡ್ಲುಪೇಟೆಯಲ್ಲಿ ಸನ್ಮಾನವಾಯಿತು. ಮಹಾಲಿಂಗನಿಗಲ್ಲ, ಮಾಲೀಕರಿಗೆ. "ಆಧುನಿಕ ಕ್ವಾರಿ" ಎಂದು. ಮಹಾಲಿಂಗ ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದ. ನನಗೆ ಸಿಟ್ಟು ಬಂತು, ಅವನಿಗೆ ಬರಲಿಲ್ಲ. "ಶಾಲು ಯಾರಿಗ್ ಬೇಕಯ್ಯ, ಕಾಲು ಉಳ್ಕಂಡ್ರೆ ಸಾಕು" ಅಂದ.

ಆಮೇಲೆ ದೂರು ಶುರುವಾಯಿತು. ಕ್ವಾರಿಯ ಸೂಪರ್‌ವೈಸರ್ ಕಾಲೇಜಿಗೇ ಬಂದರು. ನನ್ನೆದುರೇ ಆದ ಮಾತು ಇದು.

"ಏನ್ ಸಾರ್ ನಿಮ್ ಮಿಷಿನ್ನು? ಅವ್ನು ಬೆವರು ಒರ್ಸಕ್ಕೆ ಕೈ ಎತ್ತಿದ್ರೆ ಕ್ರೇನ್ ನಿಂತೋಯ್ತದೆ. ಬೀಡಿ ಅಂಟ್ಸಕ್ಕೋದ್ರೆ ನಿಂತೋಯ್ತದೆ. ಹಿಂಗಾದ್ರೆ ಲಾರಿ ತುಂಬದು ಯಾವಾಗ?"

ಮಹಾಲಿಂಗ ತಣ್ಣಗೆ ಕೇಳಿದ: "ಬೆವರು ಒರಸೋನು ಕಲ್ಲು ನೋಡ್ತಾ ಇರ್ತಾನಾ?"

"ಅದಲ್ಲ ಸಾರ್ —"

"ಅದೇ. ಅವ್ನು ನೋಡ್ದೆ ಇದ್ದಾಗ ಕಲ್ಲು ಆಡಬಾರ್ದು. ಅದ್ಕೇ ನಿಲ್ತದೆ. ಅದು ತಪ್ಪಲ್ಲ ಕಣಪ್ಪ, ಅದೇ ಮಿಷಿನ್ನು."

ಸೂಪರ್‌ವೈಸರ್ ಹೊರಟುಹೋದರು. ಮಾತು ಮುಗಿಯಿತು ಎಂದು ನಾವು ತಿಳಿದೆವು. ಅವರು ಹೋಗಿ ಏನು ಮಾಡಿದರು? ಅರಗಿನ ಮುದ್ರೆ ಒಡೆದರು. ಪೆಟ್ಟಿಗೆ ತೆಗೆದರು. ಆ ಸ್ವಿಚ್ಚಿನ ಎರಡು ತುದಿಗೆ ಒಂದು ತುಂಡು ತಂತಿ ಸುತ್ತಿದರು. ಗೇಣುದ್ದದ ತಂತಿ ಸ್ವಾಮಿ! ಸ್ವಿಚ್ಚು ತೆರೆದರೂ ಕರೆಂಟು ಆ ತಂತಿಯಲ್ಲೇ ಹರಿದುಹೋಗುತ್ತದೆ. ಅಷ್ಟೇ. ಇನ್ನು ಕೆಳಗೆ ಮುಷ್ಟಿ ಹಿಡಿಯಲಿ, ಕೈ ಮುರಿಯಲಿ, ಮನುಷ್ಯನೇ ಸಾಯಲಿ — ಬ್ರೇಕು ಬೀಳುವುದಿಲ್ಲ. ಕೆಳಗೆ ಗವಸು ಹಾಕಿಕೊಂಡವನಿಗೆ ಅದನ್ನು ಯಾರೂ ಹೇಳಲಿಲ್ಲ. ಗವಸು ಮಾಡಿದವನಿಗೂ ಹೇಳಲಿಲ್ಲ.

ಮಾಲೀಕರೆ, ಎಲ್ಲಿಗೆ ಎದ್ದಿರಿ? ಕೂತುಕೊಳ್ಳಿ. ನೀವು ಮಾತಾಡುವಾಗ ನಾನು ಕೂತು ಕೇಳಿದೆ. ಕೂತುಕೊಳ್ಳಿ ಸಾರ್.

ಆ ಶನಿವಾರ ಸನ್ನೆ ತೋರಿಸಲು ಹೊಸಬನೊಬ್ಬ ಬಂದಿದ್ದ. ಅವನಿಗೆ ಕಲಿಸಿಕೊಡಲು ಮಹಾಲಿಂಗನನ್ನು ಕರೆಸಿದರು. ಅವನು ತಾನೇ ಚೀಲ ಕಟ್ಟಿಕೊಂಡು, ಹೆಲ್ಮೆಟ್ಟು ಹಾಕಿಕೊಂಡು, ಹೊಸಬನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೆಳಗಿಳಿದ. ಕೈ ಎತ್ತಿದ. ಕಲ್ಲು ಎದ್ದಿತು. ಪಕ್ಕದಲ್ಲಿ ಕೊರೆಯುತ್ತಿದ್ದರು, ದೂಳು ಎದ್ದಿತು. ಸರಪಳಿ ಜಾರಿ ಕಲ್ಲು ವಾಲಿತು. ಜನ ಓಡಿದರು. ಹೊಸಬನೂ ಓಡಿದ. ಮಹಾಲಿಂಗ ಓಡಲಿಲ್ಲ.

ಯಾಕೆ ಓಡಲಿಲ್ಲ?

ಮುಷ್ಟಿ ಹಿಡಿದಿದ್ದನಲ್ಲ! ಹೀಗೆ, ಎದೆಯ ಮುಂದೆ, ಕ್ಯಾಮೆರಾಕ್ಕೆ ಕಾಣುವ ಹಾಗೆ. ಕ್ರೇನು ನಿಲ್ಲುತ್ತದೆ ಎಂದು ಅವನಿಗೆ ಗೊತ್ತಿತ್ತು. ಕಲ್ಲಿನ ಆಚೆ ಕೆಲವು ಕೂಲಿಯವರು ಸಿಕ್ಕಿಕೊಂಡಿದ್ದರು; ತಾನು ಓಡಿದರೆ ಅವರನ್ನು ಬಿಡಿಸಲು ಕ್ರೇನಿಗೆ ಯಾರು ಸನ್ನೆ ತೋರಿಸುತ್ತಾರೆ? ನಿಂತ. ನಿಂತೇ ಇದ್ದ —

...ಒಂದು ನಿಮಿಷ. ನೀರು ಬೇಡ. ಹೇಳುತ್ತೇನೆ. ಕ್ರೇನು ನಿಲ್ಲಲಿಲ್ಲ, ವಾಲಿದ ಕಲ್ಲು ಅವನ ಮೇಲೆ ಇಳಿಯಿತು.

ಸುದ್ದಿ ಕೇಳಿ ನಾನು ಹೋದಾಗ ಆ ತಂತಿ ಪೆಟ್ಟಿಗೆಯಲ್ಲಿ ಇರಲಿಲ್ಲ. ಹೆಣ ಎತ್ತುವ ಮುಂಚೆ ತಂತಿ ಎತ್ತಿದ್ದರು. ಆದರೆ ಒಡೆದ ಅರಗನ್ನು ಮತ್ತೆ ಅಂಟಿಸುವುದು ಹೇಗೆ? ಸ್ವಿಚ್ಚಿನ ಸ್ಕ್ರೂಗಳ ಮೇಲೆ ಇಕ್ಕಳದ ಹಲ್ಲಿನ ಗುರುತು ಹೊಸದಾಗಿ ಹೊಳೆಯುತ್ತಿತ್ತು. ಕ್ವಾರಿಯವರನ್ನು ಕೇಳಿದೆ. "ಅದೆಲ್ಲ ನಿಮ್ ಮಹಾಲಿಂಗ ಅವರೇ ರಿಪೇರಿ ಮಾಡ್ತಿದ್ದಿದ್ದು" ಅಂದರು. ಮರುದಿನದ ಹೊತ್ತಿಗೆ ಕತೆ ತಯಾರಾಗಿತ್ತು. ಮೇಧಾವಿ, ಪ್ರಯೋಗ, ಬಲಿ. ಎಷ್ಟು ಚೆಂದದ ಮಾತುಗಳು!

ಬೇಗೂರಿಗೆ ಹೋದಾಗ ಮೂಗಮ್ಮನವರಿಗೆ ಯಾರೋ ಅದೇ ಕತೆ ಹೇಳುತ್ತಿದ್ದರು. ಆ ತಾಯಿ ಅಳು ನಿಲ್ಲಿಸಿ ತಲೆ ಎತ್ತಿದರು. "ನನ್ ಮಗ ಮಾಡಿದ್ದು ನನ್ ಮಗನ್ನ ತಿನ್ನಕಿಲ್ಲ ಕಣಪ್ಪ. ಯಾರೋ ಏನೋ ಮಾಡವ್ರೆ" ಅಂದರು. ಅವರಿಗೆ ಸ್ವಿಚ್ಚು ಗೊತ್ತಿಲ್ಲ, ರೇಡಿಯೊ ಗೊತ್ತಿಲ್ಲ. ಮಗ ಗೊತ್ತು.

ಸಭಿಕರೆ, ನನಗೆ ಗುರುತು ಸಿಕ್ಕಿತ್ತು, ಕಂಡವರು ಬೇಕಾಗಿತ್ತು. ಕ್ವಾರಿಯಲ್ಲಿ ಕೇಳಿದರೆ ಎಲ್ಲರೂ ಕಲ್ಲು ನೋಡುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ. ಅವರನ್ನು ನಾನು ಬೈಯುವುದಿಲ್ಲ, ಒಲೆ ಉರಿಯಬೇಕು. ನಿನ್ನೆ ಸಂಜೆ ಒಬ್ಬರು ನನ್ನ ಮನೆಗೆ ಬಂದರು. ಮಾದಣ್ಣ. ಆ ದಿನ ಕ್ರೇನು ನಡೆಸುತ್ತಿದ್ದವರು. ಜಗುಲಿಯ ಮೇಲೂ ಕೂರಲಿಲ್ಲ, ಕೆಳಗೇ ಕೂತರು.

"ಸಾ, ದೂಳಲ್ಲಿ ನಂಗೇನೂ ಕಾಣ್ಲಿಲ್ಲ. ಏನಾದ್ರೂ ಆದ್ರೆ ಬ್ರೇಕು ತಾನೇ ಬೀಳ್ತದೆ ಅನ್ಕಂಡಿದ್ದಿ. ಪೆಟ್ಗೆ ಬಿಚ್ಚಿದ್ದು ಕಂಡಿದ್ದಿ, ರಿಪೇರಿ ಅಂದ್ರು. ಅವತ್ತು ಜನ ಎಲ್ಲ ಹೆಣದ್ ತಾವ ಓಡುದ್ರು. ಸೂಪರ್‌ವೈಸರ್ರು ಕ್ರೇನ್ ಮ್ಯಾಲಕ್ ಅತ್ತುದ್ರು. ತಂತಿ ಕಿತ್ತು ಜೋಬಿಗ್ ಆಕ್ಕಂಡ್ರು. ನನ್ ಕಣ್ಣಾರೆ ಕಂಡೆ ಸಾ. ಯೋಳುದ್ರೆ ಕೆಲ್ಸ ಓಯ್ತದೆ ಅಂದ್ರು."

"ಮತ್ತೆ ಈಗ ಯಾಕೆ ಹೇಳುತ್ತಿದ್ದೀರಿ ಮಾದಣ್ಣ?"

"ಆವಯ್ಯನ ತಲೆ ಮ್ಯಾಲೆ ತಪ್ಪು ಒರ್ಸಿ ಕಲ್ಲು ಇಳ್ಸು ಅಂದ್ರೆ ನನ್ ಕೈ ಓಡಕಿಲ್ಲ ಸಾ."

ಇವತ್ತು ಬೆಳಿಗ್ಗೆ ನಾವಿಬ್ಬರೂ ಠಾಣೆಗೆ ಹೋದೆವು. ಮಾದಣ್ಣ ಕಂಡದ್ದನ್ನು ಕಂಡ ಹಾಗೆ ಹೇಳಿದರು. ಬರೆದುಕೊಂಡಿದ್ದಾರೆ. ಇವರು ಹೇಳಿ ಹೊರಗೆ ಬರುವಷ್ಟರಲ್ಲಿ ಕ್ವಾರಿಯಿಂದ ಸುದ್ದಿ ಬಂತು, ಇನ್ನು ಕೆಲಸಕ್ಕೆ ಬರಬೇಡ ಎಂದು. ಎಷ್ಟು ಬೇಗ ನೋಡಿ! ಮನುಷ್ಯ ಕಲ್ಲಡಿ ಸಿಕ್ಕಾಗ ನಿಲ್ಲದ ಯಂತ್ರ, ಬಡವನ ಕೆಲಸವನ್ನು ತಕ್ಷಣ ನಿಲ್ಲಿಸುತ್ತದೆ.

ನನಗೂ ನಾಳೆ ಏನಾದರೂ ಆಗಬಹುದು. ಆಗಲಿ. ಕಾಲೇಜಿನಲ್ಲಿ ಮಕ್ಕಳ ಮುಂದೆ ನಿಂತು ಬ್ರೇಕಿನ ಪಾಠ ಮಾಡಬೇಕಲ್ಲ ನಾನು, ಯಾವ ಬಾಯಲ್ಲಿ ಮಾಡಲಿ? ಇನ್ನೂ ಎರಡು ಕ್ರೇನಿನ ಮೇಲೆ ಅವನ ಪೆಟ್ಟಿಗೆ ಕೂತಿದೆ. ಅವುಗಳ ಕೆಳಗೆ ಇವತ್ತೂ ಗವಸು ಹಾಕಿಕೊಂಡ ಜನ ನಂಬಿ ನಿಂತಿದ್ದಾರೆ. ಮಾಲೀಕರೆ, ನಿಮ್ಮ ಹಾರ ಫೋಟೊದ ಮೇಲೆ ಇರಲಿ, ಹೂವಿನದೇನು ತಪ್ಪು? ಆದರೆ ಆ ಪೆಟ್ಟಿಗೆಗಳನ್ನು ನಾಳೆ ಎಲ್ಲರೆದುರು ಬಿಚ್ಚಿ ತೋರಿಸಿ. ಬಿಚ್ಚುವವರೆಗೆ ಆ ಕ್ರೇನುಗಳ ಕೆಳಗೆ ಯಾರೂ ನಿಲ್ಲಬೇಡಿ ಎಂದು ಈ ಸಭೆಯಲ್ಲೇ ನಾನು ಕೂಗಿ ಹೇಳುತ್ತಿದ್ದೇನೆ.

ಇಲ್ಲಿಗೆ ಬರುವ ಮುಂಚೆ ಮೂಗಮ್ಮನವರನ್ನು ಒಂದು ಮಾತು ಕೇಳಿದೆ. ಅಮ್ಮಾ, ಕ್ರೇನು ನಡೆಸುತ್ತಿದ್ದವರು ಸಭೆಗೆ ಬರಲೋ ಬೇಡವೋ ಎಂದು ಅಳುಕುತ್ತಿದ್ದಾರೆ, ಏನು ಹೇಳಲಿ? ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ, "ಬರ್ಲಿ ಬುಡಪ್ಪ. ಅವನ್ಗೂ ತಾಯಿ ಅವ್ಳಲ್ಲ. ನನ್ ತಾವ ಬಂದ್ ನಿಂತ್ಕಳ್ಳಿ" ಅಂದರು.

ಮಾದಣ್ಣ, ಬಾಗಿಲ ಹತ್ತಿರ ಕಂಬಕ್ಕೆ ಮರೆಯಾಗಿ ನಿಂತಿದ್ದೀರಿ. ಮುಂದೆ ಬನ್ನಿ. ದಾರಿ ಬಿಡಿ ಅವರಿಗೆ. ಬನ್ನಿ, ಅಮ್ಮನ ಪಕ್ಕಕ್ಕೆ ಬನ್ನಿ.

ಈಗ ಎಲ್ಲರೂ ಏಳಬೇಕು. ಇದು ಮಹಾಲಿಂಗನಿಗೆ ಕೊಡುವ ಮೌನ. ತಪ್ಪು ಅವನದಲ್ಲ ಎಂದು ತಿಳಿದು ಕೊಡುವ ಮೌನ. ಹೊರಗೆ ಹೋದ ಮೇಲೆ ಯಾರೂ ಸುಮ್ಮನಿರಬೇಡಿ. ಆದರೆ ಈಗ ಮಾತ್ರ, ತಾಯಿ ಎದ್ದು ನಿಂತಿದ್ದಾರೆ, ಮಾದಣ್ಣ ಅವರ ಪಕ್ಕದಲ್ಲಿದ್ದಾರೆ — ನಾವೂ ಎದ್ದು, ತಲೆ ಬಾಗಿಸಿ, ಮೌನವಾಗಿ ನಿಲ್ಲೋಣ.